ಟೋಪಿಗೊಂದು ಟಿಕೆಟ್

ಪರದೇಶಕ್ಕೆ ಬಂದ ಮೂರನೆಯ ದಿನ ಬೆಳಿಗ್ಗೆ, ಅಕ್ಕನ ಮನೆಯ ಕಿಟಕಿಯ ಬಳಿ ನಿಂತು ಹಲ್ಲುಜ್ಜುತ್ತಿದ್ದ ಕಂಡಕ್ಟರಮ್ಮ "ಅಯ್ಯಯ್ಯೋ, ಬಸ್ಸು! ಬಸ್ಸು ಕಣಕ್ಕಾ!" ಎಂದು ಕೂಗಿಕೊಂಡರು. ಬಾಯಿಯ ನೊರೆಯೆಲ್ಲ ಗಾಜಿಗೆ ಸಿಡಿಯಿತು.

ಅಕ್ಕ ಗಾಬರಿಬಿದ್ದು ಅಡುಗೆಮನೆಯಿಂದ ಓಡಿಬಂದರು. "ಏನಾಯ್ತೇ ಪುಟ್ಟಿ? ಯಾರಿಗಾದ್ರೂ ಗುದ್ದಿತಾ?"

"ಗುದ್ದೋದೇನು ಬಂತು! ಬರ್ತಿದೆ ನೋಡು. ಬಾಗಿಲು ತಾನಾಗೇ ತೆರ್ಕೊಳ್ತು! ಕಂಡಕ್ಟರೇ ಇಲ್ಲ!"

ನಗಬೇಡಿ. ಮೂವತ್ತಮೂರು ವರ್ಷ ಬಸ್ಸಿನಲ್ಲಿ ನಿಂತೇ ಅನ್ನ ಸಂಪಾದಿಸಿದ ಹೆಂಗಸಿಗೆ ಬಸ್ಸು ಕಂಡರೆ ತವರುಮನೆ ಕಂಡಷ್ಟೇ ಖುಷಿ. ಅರವತ್ತು ತುಂಬಿ ರಿಟೈರ್ ಆದ ತಿಂಗಳೇ ಅಕ್ಕ ಫೋನ್ ಮಾಡಿ "ಬಂದ್ಬಿಡು, ಇಬ್ರೂ ಒಟ್ಟಿಗೆ ಇದ್ಬಿಡೋಣ" ಎಂದಿದ್ದರು. ಅಕ್ಕ ಈ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ಈಗ ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಅಕ್ಕನಿಗೆ ತಂಗಿ, ತಂಗಿಗೆ ಅಕ್ಕ. ಹಿಂದೆ ಮುಂದೆ ಬೇರೆ ಯಾರೂ ಇರಲಿಲ್ಲ. ತಂಗಿ ಬರುವ ಮೊದಲೇ ಅಕ್ಕ ಇನ್ನೊಂದು ಆರಾಮಕುರ್ಚಿ ತರಿಸಿ ಹಾಕಿದ್ದರು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ಇನ್ನೂ ತೆಗೆದಿರಲಿಲ್ಲ.

ತೆಗೆಯದಿರಲು ಕಾರಣ ಒಂದು ಫಾರಂ. ಈ ದೇಶದಲ್ಲಿ ಕಾಯಂ ಆಗಿ ಇರಬೇಕಾದರೆ ಅದನ್ನು ತುಂಬಿ ತಿಂಗಳ ಕೊನೆಯ ಶುಕ್ರವಾರ ಹನ್ನೆರಡು ಗಂಟೆಯೊಳಗೆ ಆಫೀಸಿಗೆ ಕೊಡಬೇಕು. ಹೆಸರು, ವಯಸ್ಸು, ಫೋಟೋ ಎಲ್ಲ ಸರಿ. ಕೊನೆಯ ಕಾಲಮ್ಮಿನಲ್ಲಿ ಮಾತ್ರ ಕೊಕ್ಕೆ ಇತ್ತು: ಸಂಬಂಧಿಕರಲ್ಲದ, ಈ ಊರಿನಲ್ಲಿ ನಿಮ್ಮನ್ನು ಬಲ್ಲ ಒಬ್ಬರ ಸಹಿ.

"ಅದಕ್ಕೇನಂತೆ, ಆಸ್ಪತ್ರೆಯ ನನ್ನ ಫ್ರೆಂಡ್ ಹತ್ರ ಹಾಕಿಸ್ಕೊಂಡು ಬರ್ತೀನಿ" ಎಂದರು ಅಕ್ಕ.

"ಅವರು ನಿನ್ನನ್ನ ಬಲ್ಲೋರು. ನನ್ನ ಮುಖಾನೇ ನೋಡಿಲ್ಲ. ಮೂವತ್ತಮೂರು ವರ್ಷದಲ್ಲಿ ಒಂದು ಸುಳ್ಳು ಟಿಕೆಟ್ ಕೊಟ್ಟೋಳಲ್ಲ ನಾನು. ಈಗ ಮುದುಕಿ ಆದ್ಮೇಲೆ ಶುರುಮಾಡ್ಲಾ? ನೋಡಕ್ಕಾ, ನನ್ನನ್ನ ಬಲ್ಲೋರು ಅಂತ ಒಬ್ರು ಸಿಕ್ಕಿದ್ರೆ ಇರ್ತೀನಿ. ಸಿಗದಿದ್ರೆ ವಾಪಸ್ ಹೊರಡ್ತೀನಿ. ಯಾರೂ ಇಲ್ಲದ ಊರಲ್ಲಿ ನಿನ್ನ ಮುಖ ನಾನು, ನನ್ನ ಮುಖ ನೀನು ನೋಡ್ಕೊಂಡು ಕೂತ್ರೆ ಇಬ್ರಿಗೂ ಹುಚ್ಚು ಹಿಡಿಯುತ್ತೆ."

"ಇನ್ನು ಇಪ್ಪತ್ತೈದು ದಿನ ಇದೆ ಅಷ್ಟೆ."

"ಇಪ್ಪತ್ತೈದು ನಿಮಿಷದಲ್ಲಿ ಎಂಬತ್ತು ಜನರನ್ನ ಮಾತಾಡಿಸಿದೋಳು ನಾನು! ಬರೀ ಒಬ್ರು ತಾನೇ?"

ಅಕ್ಕ ಕಿಟಕಿಯ ಗಾಜು ಒರೆಸಿದರು.

ಮರುದಿನವೇ ಕಂಡಕ್ಟರಮ್ಮ ಕಾರ್ಯಾಚರಣೆಗೆ ಇಳಿದರು. ಮನೆಯೆದುರಿನದು ಏಳನೇ ನಂಬರ್ ಬಸ್ಸಿನ ಆರನೆಯ ಸ್ಟಾಪು. ಆದರೆ ಕಂಡಕ್ಟರ್ ಆದವರು ಎಲ್ಲಾದರೂ ನಡುದಾರಿಯಲ್ಲಿ ಬಸ್ಸು ಹತ್ತುತ್ತಾರೆಯೇ? ಅರ್ಧ ಗಂಟೆ ನಡೆದು ಡಿಪೋಗೇ ಹೋಗಿ, ಹನ್ನೊಂದು ಗಂಟೆಯ ಬಸ್ಸನ್ನು ಎಲ್ಲರಿಗಿಂತ ಮೊದಲು ಹತ್ತುತ್ತಿದ್ದರು. ಅಕ್ಕ ಈ ಊರಿನ ಭಾಷೆಯಲ್ಲಿ "ನಮಸ್ಕಾರ", "ಕ್ಷಮಿಸಿ" ಕಲಿಸಲು ಹೋದರೆ, "ಅದೆಲ್ಲ ಆಮೇಲೆ. ಮೊದಲು 'ಮುಂದೆ ಹೋಗಿ' ಅನ್ನೋದು ಹೇಗೆ, ಅದು ಹೇಳು" ಎಂದು ಹಟ ಹಿಡಿದರು. ಮುಂದೆ ಹೋಗಿ, ಕೂತುಕೊಳ್ಳಿ, ಜೋಪಾನ, ಇಳಿಯುವವರು ಮೊದಲು. ಇಷ್ಟೇ ಬಂಡವಾಳ.

ಬಂಡವಾಳ ಸಾಲದೇ ಹೋಗಲಿಲ್ಲ. ಬಾಗಿಲಲ್ಲೇ ಗುಂಪುಗೂಡಿದ್ದ ಜನಕ್ಕೆ ಒಮ್ಮೆ "ಮುಂದೆ ಹೋಗಿ!" ಎಂದು ಕೂಗಿದ್ದೇ ತಡ, ಇಡೀ ಬಸ್ಸು ತೆಪ್ಪಗೆ ಮುಂದೆ ಸರಿಯಿತು. ಎಲ್ಲರೂ ಹತ್ತಿದ ಮೇಲೆ ಅಭ್ಯಾಸಬಲದಿಂದ ಕಂಬಿಯ ಪಕ್ಕದ ತಗಡಿಗೆ ಎರಡು ಸಲ ಟಪ್ ಟಪ್ ಎಂದು ಬಡಿದು "ರೈಟ್!" ಅಂದೇಬಿಟ್ಟರು. ಜಡೆ ಹಾಕಿಕೊಂಡಿದ್ದ ಡ್ರೈವರಮ್ಮ ಬೆಚ್ಚಿಬಿದ್ದು ಕನ್ನಡಿಯಲ್ಲಿ ಕಣ್ಣು ಕೆಕ್ಕರಿಸಿ ನೋಡಿದಳು. ನೋಡಲಿ ಬಿಡಿ.

ಎರಡು ವಾರದಲ್ಲಿ ಮುಖಗಳೆಲ್ಲ ಗುರುತು ಹತ್ತಿದವು. ಆ ಹೊತ್ತಿನ ಬಸ್ಸಿನಲ್ಲಿ ಅರ್ಧಕ್ಕರ್ಧ ರಿಟೈರ್ ಆದವರೇ. ಬಿಸಿನೀರಿನ ಈಜುಕೊಳಕ್ಕೆ ಹೋಗಿ ಮಂಡಿನೋವಿಗೆ ವ್ಯಾಯಾಮ ಮಾಡುವವರು. ಹೂವಿನಂಗಡಿ ಇಟ್ಟಿದ್ದ ಒಬ್ಬ ದಪ್ಪನೆಯ ಹೆಂಗಸು ಎರಡನೆಯ ಸ್ಟಾಪಿನಲ್ಲಿ ಹತ್ತುತ್ತಿದ್ದಳು. ಕಂಡಕ್ಟರಮ್ಮ ಅವಳಿಗೆ ಹೂವಮ್ಮ ಎಂದು ಹೆಸರಿಟ್ಟರು. ಮೂರನೆಯ ಸ್ಟಾಪಿನಲ್ಲಿ ಹತ್ತುತ್ತಿದ್ದವನು ಟೋಪಿ ತಾತ. ಗಡಿಯಾರ ರಿಪೇರಿ ಮಾಡುತ್ತಿದ್ದ ಮನುಷ್ಯ. ಬೂದಿ ಬಣ್ಣದ ಉಣ್ಣೆಯ ಟೋಪಿಯನ್ನು ಯಾವ ಸೆಖೆಗೂ ತೆಗೆದವನಲ್ಲ. ಈಜುಕೊಳದಲ್ಲೂ ತೆಗೆಯುವುದಿಲ್ಲ ಎಂದು ಹೂವಮ್ಮ ಕೈಸನ್ನೆಯಲ್ಲೇ ತೋರಿಸಿ ನಕ್ಕಳು. ಇಬ್ಬರು ಹೆಂಗಸರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆದರೆ ಟೋಪಿ ತಾತನ ಎಡಗಾಲು ಕುಂಟುತ್ತಿತ್ತು, ಮೂರನೆಯ ಸ್ಟಾಪಿಗೆ ಬರುವಷ್ಟರಲ್ಲಿ ಸೀಟೆಲ್ಲ ಭರ್ತಿಯಾಗಿರುತ್ತಿತ್ತು. ಅವನು ಯಾರನ್ನೂ ಕೇಳುವವನಲ್ಲ. ಕಂಬಿಗೆ ಜೋತುಬಿದ್ದು ತುಟಿ ಕಚ್ಚಿಕೊಂಡು ನಿಲ್ಲುವನು. ನೋಡಿ ನೋಡಿ ಕಂಡಕ್ಟರಮ್ಮನ ಕರುಳು ಚುರುಕ್ಕೆಂದಿತು. ಕೊನೆಯ ವಾರದ ಸೋಮವಾರ ಡಿಪೋದಲ್ಲಿ ಹತ್ತಿದವರೇ ಮುಂದಿನ ಸೀಟಿನ ಮೇಲೆ ತಮ್ಮ ಕರ್ಚೀಫು ಹಾಸಿ, ಪಕ್ಕದಲ್ಲಿ ಕಾವಲು ನಿಂತರು. ನಮ್ಮ ಕಡೆ ಕರ್ಚೀಫು ಬಿದ್ದ ಸೀಟು ಎಂದರೆ ಮುಗಿಯಿತು, ಮಂತ್ರಿ ಬಂದರೂ ಕೂರುವಂತಿಲ್ಲ. ಇಲ್ಲಿಯವರಿಗೆ ಅದು ಹೇಗೆ ಗೊತ್ತಾಗಬೇಕು? ಕನ್ನಡಕದ ಹೆಂಗಸೊಬ್ಬಳು ಯಾರೋ ಬೀಳಿಸಿಕೊಂಡ ಬಟ್ಟೆ ಎಂದುಕೊಂಡು ಎರಡು ಬೆರಳಲ್ಲಿ ಎತ್ತಿದಳು.

"ಏಯ್! ಸೀಟಿದೆ! ಬರ್ತಾರೆ, ಆಳು ಬರ್ತಾರೆ!" ಎಂದು ಕಂಡಕ್ಟರಮ್ಮ ಶುದ್ಧ ಕನ್ನಡದಲ್ಲಿ ಕೂಗಿ ಕರ್ಚೀಫು ಕಿತ್ತುಕೊಂಡರು. ಆ ಹೆಂಗಸೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಡ್ರೈವರಮ್ಮ ಮೂರನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಎದ್ದುಬಂದು, ಗೋಡೆಗೆ ಅಂಟಿಸಿದ್ದ ನಿಯಮದ ಮೇಲೆ ಬೆರಳಿಟ್ಟು, ಮಗುವಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದಳು. ಸೀಟು. ಟಿಕೆಟ್ ಇರುವವರಿಗೆ. ಬಟ್ಟೆಗಲ್ಲ.

ಅಷ್ಟು ಅರ್ಥವಾಗುವ ಹೊತ್ತಿಗೆ ಕಂಡಕ್ಟರಮ್ಮನ ಕಿವಿ ಕೆಂಪಾಗಿತ್ತು. ಮೆಟ್ಟಿಲು ಹತ್ತಿ ಬಂದ ಟೋಪಿ ತಾತ ಸೀಟನ್ನೂ ಕರ್ಚೀಫನ್ನೂ ನೋಡಿದ. ಕೂರಲಿಲ್ಲ. ಮುಖ ತಿರುಗಿಸಿ ಹಿಂದಕ್ಕೆ ಹೋಗಿ ನಿಂತ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವರಿಗೆ. ಸಾವಿರಾರು ಜನಕ್ಕೆ ತಾವು ರೂಲು ಹೇಳಿದ್ದುಂಟು. ಅವರಿಗೆ ಬಸ್ಸಿನಲ್ಲಿ ರೂಲು ಹೇಳಿದವರು ಒಬ್ಬರೂ ಇರಲಿಲ್ಲ.

"ನಂಗೆ ಈ ಊರು ಬೇಡಕ್ಕಾ" ಎಂದರು ಮನೆಗೆ ಬಂದು. ಮಂಗಳವಾರ ಹೊರಗೆ ಕಾಲಿಡಲಿಲ್ಲ. ಬುಧವಾರ ಬಟ್ಟೆ ಮಡಿಸಿ ಸೂಟ್‌ಕೇಸಿಗೆ ತುಂಬಿದರು. ಗುರುವಾರ ಹನ್ನೊಂದು ಗಂಟೆಯಾಗುತ್ತಲೇ ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಯಿಂದ ಕೋಣೆಗೆ ತಿರುಗಿದರು. ಕಿಟಕಿಯ ಹತ್ತಿರ ಮಾತ್ರ ಸುಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಕ್ಕ ಸೀರೆ ಉಟ್ಟು ಸಿದ್ಧವಾಗಿ ನಿಂತಿದ್ದರು. "ಆಫೀಸಿಗಂತೂ ಹೋಗ್ಲೇಬೇಕು. ಇರಲ್ಲ ಅಂದ್ರೆ ಅದನ್ನೂ ಬರ್ಕೊಡಬೇಕಂತೆ. ಫೋಟೋ ಅಂಟಿಸಿದ್ದೀನಿ, ಫಾರಂ ಚೀಲದಲ್ಲಿದೆ. ಬಲವಂತ ಏನಿಲ್ಲಪ್ಪ, ನಿನ್ನಿಷ್ಟ." ಹೇಳಿದ್ದು ಹಗುರವಾಗಿಯೇ. ಆದರೆ ಹೇಳುವಾಗ ಆ ಹೊಸ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅದನ್ನು ನೋಡಿ ಕಂಡಕ್ಟರಮ್ಮ ಚಪ್ಪಲಿ ಮೆಟ್ಟಿಕೊಂಡರು.

ಏಳನೇ ನಂಬರ್ ಬಸ್ಸು ಆರನೆಯ ಸ್ಟಾಪಿಗೆ ಬಂದಾಗ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರಮ್ಮ ತಲೆ ತಗ್ಗಿಸಿಕೊಂಡು ಅಕ್ಕನ ಹಿಂದೆ ಹತ್ತಿದರು. ಹತ್ತಿದ್ದೇ ತಡ, ಬಸ್ಸಿನ ಒಳಗಿನಿಂದ "ಓ!" ಎಂದು ಒಂದು ದೊಡ್ಡ ಕೂಗು. ಹೂವಮ್ಮ! ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಜನ ತಿರುಗಿ ನೋಡಿದರು. ಜನದ ನಡುವೆ ಒಂದು ಬೋಳುತಲೆ ಫಳಫಳ ಹೊಳೆಯುತ್ತಿತ್ತು. ಇದ್ಯಾರಪ್ಪ ಹೊಸಬರು ಎಂದು ನೋಡಿದರೆ, ಟೋಪಿ ತಾತ! ಟೋಪಿ ಇಲ್ಲದ ಟೋಪಿ ತಾತ!

ಟೋಪಿ ಎಲ್ಲಿ? ಮುಂದಿನ ಸೀಟಿನ ಮೇಲೆ ರಾಜನ ಹಾಗೆ ಕೂತಿತ್ತು. ಅದರ ಪಕ್ಕದಲ್ಲಿ ತಾತ ಕಂಬಿ ಹಿಡಿದು ಕಾವಲು ನಿಂತಿದ್ದ. ಕೈಚೀಲ ಹಿಡಿದ ಒಬ್ಬ ಮಹಾರಾಯ ಸೀಟಿನ ಕಡೆ ಬೆರಳು ತೋರಿಸಿ ಡ್ರೈವರಮ್ಮನಿಗೆ ದೂರು ಹೇಳುತ್ತಿದ್ದ. ಡ್ರೈವರಮ್ಮ ತಿರುಗಿ ಏನೋ ಅಂದಳು. ಬಸ್ಸಿಗೆ ಬಸ್ಸೇ ಘೊಳ್ಳೆಂದಿತು.

"ಏನಂತೆ? ಏನಂತೆ ಅಕ್ಕಾ? ಬೇಗ ಹೇಳೇ!"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಟೋಪಿಗೆ ಟಿಕೆಟ್ ಇದೆಯಂತೆ. ಟಿಕೆಟ್ ಇರೋರನ್ನ ಎಬ್ಬಿಸೋ ರೂಲಿಲ್ಲವಂತೆ!"

ತಾತ ಟೋಪಿ ಎತ್ತಿ ಕಂಡಕ್ಟರಮ್ಮನ ಕೈಗಿತ್ತ. ಒಳಪಟ್ಟಿಯಲ್ಲಿ ಟಿಕೆಟ್ ಸಿಕ್ಕಿಸಿತ್ತು. ಒಂದಲ್ಲ. ಕಂಡಕ್ಟರಮ್ಮ ಕನ್ನಡಕ ಏರಿಸಿ, ಕೆಲಸದ ದಿನಗಳಲ್ಲಿ ಮಾಡುತ್ತಿದ್ದ ಹಾಗೆಯೇ ಒಂದೊಂದನ್ನೂ ಬೆಳಕಿಗೆ ಹಿಡಿದು ತಾರೀಖು ನೋಡಿದರು. ಮಂಗಳವಾರದ್ದು. ಬುಧವಾರದ್ದು. ಗುರುವಾರದ್ದು. ಇವತ್ತಿನದು. ನಾಲ್ಕೂ ಡಿಪೋದಿಂದಲೇ ಹೊರಟ ಟಿಕೆಟ್ಟುಗಳು.

"ಡಿಪೋದಿಂದ?" ಎಂದರು. "ಆ ಕಾಲಿಟ್ಕೊಂಡು ಇವನು ದಿನಾ ಡಿಪೋ ತನಕ ನಡೆದ್ನಾ?"

ಹೂವಮ್ಮ ಪಟಪಟನೆ ಹೇಳತೊಡಗಿದಳು. ಅಕ್ಕ ಅಷ್ಟೇ ವೇಗದಲ್ಲಿ ಕನ್ನಡಕ್ಕೆ ತಿರುಗಿಸಿದರು. ಹೌದಂತೆ, ದಿನಾ ನಡೆದನಂತೆ. ನೀನು ಯಾವ ಸ್ಟಾಪಲ್ಲಿ ಹತ್ತಿದ್ರೂ ಸೀಟಿರಬೇಕು ಅಂತ. ಕೊನೆಯ ಸ್ಟಾಪಿನವರೆಗೂ ಟೋಪಿ ಎತ್ತಲಿಲ್ಲವಂತೆ. ಈಜುಕೊಳಕ್ಕೂ ಇಳಿಯಲಿಲ್ಲವಂತೆ.

"ಮತ್ತೆ ಸೋಮವಾರ ಮುಖ ತಿರುಗಿಸ್ಕೊಂಡು ಹೋದನಲ್ಲ ಪುಣ್ಯಾತ್ಮ! ಕೇಳು, ಯಾಕೆ ಅಂತ ಕೇಳು!"

ಅಕ್ಕ ಕೇಳಿದರು. ತಾತ ಬೋಳುತಲೆ ಸವರಿಕೊಂಡು, ನೆಲ ನೋಡುತ್ತ ಎರಡೇ ಮಾತು ಹೇಳಿದ. ಅಕ್ಕ ತಂಗಿಯ ಕಡೆ ತಿರುಗಿದರು.

"ಅವರಿಗೋಸ್ಕರ ಯಾರಾದ್ರೂ ಜಗಳ ಆಡಿ ಬಹಳ ವರ್ಷ ಆಗಿತ್ತಂತೆ ಪುಟ್ಟಿ. ಕಣ್ಣಲ್ಲಿ ನೀರು ಬಂತಂತೆ. ಅದಕ್ಕೇ ತಿರುಗಿದ್ದಂತೆ."

ಕಂಡಕ್ಟರಮ್ಮ ಸೀಟಿನ ಮೇಲೆ ಧೊಪ್ಪೆಂದು ಕೂತರು. ಮೂವತ್ತಮೂರು ವರ್ಷದಲ್ಲಿ ಎಷ್ಟು ಸಾವಿರ ಜನಕ್ಕೆ ಸೀಟು ಮಾಡಿಕೊಟ್ಟಿದ್ದರೋ, ಅವರಿಗೆ ಅಂತ ಒಬ್ಬರು ಸೀಟು ಹಿಡಿದದ್ದು ಇದೇ ಮೊದಲು. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅತ್ತರು. ಅತ್ತು, ಮೂಗೊರೆಸಿಕೊಂಡು, ಇದ್ದಕ್ಕಿದ್ದಂತೆ ಚಂಗನೆ ಎದ್ದರು.

"ಅಕ್ಕಾ! ಗಂಟೆ ಎಷ್ಟು? ಫಾರಂ ತೆಗಿ! ಪೆನ್ನು, ಪೆನ್ನು!"

ಹನ್ನೊಂದೂವರೆ ಆಗಿತ್ತು. ಅವಸರದಲ್ಲಿ ಅಕ್ಕನ ಚೀಲದ ಜಿಪ್ಪೇ ತೆರೆಯಲೊಲ್ಲದು. ಹೂವಮ್ಮ ಎಳೆದು ತೆರೆದಳು. ಅಕ್ಕ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು, ಅಲ್ಲಿ ಬರೆದಿದ್ದನ್ನು ತಾತನಿಗೆ ಗಟ್ಟಿಯಾಗಿ ಓದಿ ಹೇಳಿದರು. ಈ ಊರಿನಲ್ಲಿ ಇವರನ್ನು ಬಲ್ಲ ಒಬ್ಬರ ಸಹಿ. ತಾತ ಕಂಡಕ್ಟರಮ್ಮನನ್ನು ನೋಡಿದ, ಫಾರಂ ನೋಡಿದ, ಪೆನ್ನಿಗೆ ಕೈ ಚಾಚಿದ.

ಬಸ್ಸು ಕುಲುಕುತ್ತಿತ್ತು. ಪೆನ್ನು ಊರಿದರೆ ಗೀಚಾಗುತ್ತದೆ. ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದ ಕೈಯದು, ಹಾಗೆಲ್ಲ ಗೀಚುವ ಜಾಯಮಾನವಲ್ಲ. ಅವನು ಪೆನ್ನು ಎತ್ತಿ ಹಿಡಿದು ಡ್ರೈವರಮ್ಮನ ಕಡೆ ನೋಡಿದ. ಯಾರಿಗಾಗಿಯೂ ಅರೆಗಳಿಗೆ ಕಾಯದ ಆ ಡ್ರೈವರಮ್ಮ ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಇಂಜಿನ್ನನ್ನೇ ಆಫ್ ಮಾಡಿಬಿಟ್ಟಳು! ಎಲ್ಲರೂ ಉಸಿರು ಬಿಗಿಹಿಡಿದರು. ಕೈಚೀಲದ ಮಹಾರಾಯ ಕೂಡ ತನ್ನ ಚೀಲವನ್ನು ಅಡ್ಡ ಹಿಡಿದು ಫಾರಮ್ಮಿಗೆ ಒತ್ತು ಕೊಟ್ಟ. ತಾತ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಸಹಿ ಮಾಡಿದ. ಹೂವಮ್ಮ ಪೆನ್ನು ಕಸಿದುಕೊಂಡು, ಜಾಗವಿಲ್ಲದಿದ್ದರೂ ಅಂಚಿನಲ್ಲಿ ತನ್ನದೂ ಒಂದು ಹಾಕಿದಳು.

"ಏ, ಅಲ್ಲಲ್ಲ! ಒಂದೇ ಸಾಕು!" ಎಂದು ಅಕ್ಕ ಕೂಗಿದರು.

"ಇರ್ಲಿ ಬಿಡಕ್ಕಾ. ಒಂದು ಹೆಚ್ಚಿಗೆ ಆಯ್ತು ಅಂತ ವಾಪಸ್ ಕಳಿಸಲ್ಲ."

"ಟೋಪಿ ಹಾಕೋರನ್ನ ಬೇಕಾದಷ್ಟು ಕಂಡಿದ್ದೀನಮ್ಮ" ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ತೆಗೆದಿಟ್ಟೋರನ್ನ ಈಗ್ಲೇ ಕಂಡಿದ್ದು. ಮನೆಗೆ ಹೋದ ತಕ್ಷಣ ಆ ಕುರ್ಚಿ ಪ್ಲಾಸ್ಟಿಕ್ ಕಿತ್ತು ಬಿಸಾಕ್ತೀನಿ ನೋಡು."

ಕಂಡಕ್ಟರಮ್ಮ ಟೋಪಿಯನ್ನು ತಾತನ ಬೋಳುತಲೆಯ ಮೇಲೆ ತಾವೇ ಇಟ್ಟು, ಎರಡೂ ಕಿವಿಯವರೆಗೆ ಎಳೆದರು. ಆಮೇಲೆ ಭುಜ ಹಿಡಿದು ತಮ್ಮ ಸೀಟಿನಲ್ಲಿ ಕೂರಿಸಿದರು. ಅವನು ಏಳಲು ನೋಡಿದ.

"ಕೂತುಕೊಳ್ಳಿ!" ಎಂದರು, ಈ ಊರಿನ ಭಾಷೆಯಲ್ಲೇ. ಆ ದನಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಕೂತ.

ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಬಾಕಿ ಇತ್ತು. ಡ್ರೈವರಮ್ಮ ಇಂಜಿನ್ ಶುರುಮಾಡಿದ್ದಳು, ಆದರೆ ಬಸ್ಸು ಬಿಡಲಿಲ್ಲ. ಯಾಕೆ ಹೊರಡುತ್ತಿಲ್ಲ ಎಂದು ಎಲ್ಲರೂ ಕತ್ತು ಚಾಚಿದರು. ಅವಳು ಕನ್ನಡಿಯಲ್ಲಿ ಕಂಡಕ್ಟರಮ್ಮನನ್ನೇ ನೋಡುತ್ತ, ಹುಬ್ಬು ಎತ್ತಿ ಕಾಯುತ್ತಿದ್ದಳು.

ಕಂಡಕ್ಟರಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಎಲ್ಲರೂ ಹತ್ತಿದ್ದರು. ತಗಡಿಗೆ ಎರಡು ಸಲ ಬಡಿದರು.

"ರೈಟ್!"