ಇಪ್ಪತ್ತು ಚಿಪ್ಪಿನ ಪರೀಕ್ಷೆ

ಜಾಕಿಗೆ ಹಗುರ ಕೈ ಇರಲಿಲ್ಲ. ಹನ್ನೆರಡು ವರ್ಷ ಲಾರಿ ಟೈರುಗಳಿಗೆ ಪಂಕ್ಚರ್ ಹಾಕಿದವನು. ಲೋಟ ಹಿಡಿದರೂ ಅದರ ಕತ್ತು ಹಿಸುಕಿದಂತೆ ಕಾಣುತ್ತಿತ್ತು. ಆ ಪಂಕ್ಚರ್ ಅಂಗಡಿ ಮುಚ್ಚಿಹೋದ ಮೇಲೆ, ಕೊಳದಲ್ಲಿ ಮುತ್ತು ಬೆಳೆಸುವ ಅತ್ತಿಗೆಯ ಬಳಿ ಚಿಪ್ಪುಗಳ ಪಾಚಿ ಉಜ್ಜುವ ಕೆಲಸಕ್ಕೆ ಸೇರಿದ್ದ. ಕಣ್ಣು ಮಾತ್ರ, ಮುತ್ತು ಕಟ್ಟಲೆಂದು ಚಿಪ್ಪಿನೊಳಗೆ ಮಣಿ ಕೂರಿಸುವ ಮೇಜಿನ ಮೇಲೆ.

"ಇಪ್ಪತ್ತು ಚಿಪ್ಪು ಕೊಡ್ತೀನಿ," ಎಂದಳು ಅತ್ತಿಗೆ. "ಒಳಗೆ ಮಣಿ ಕೂರಿಸು. ಹತ್ತು ದಿನ ಆದ್ಮೇಲೆ ಹದಿನೈದು ಬದುಕಿದ್ರೆ ಮೇಜು ನಿಂದು. ಇಲ್ಲಾಂದ್ರೆ ಬ್ರಷ್ಷೇ ಗತಿ."

"ಹದಿನೈದ್ಯಾಕೆ ಅತ್ತಿಗೆ, ಇಪ್ಪತ್ತೂ ಉಳಿಸ್ತೀನಿ."

"ಮೊದಲು ಬಾಯಿ ತೆರೆಯೋದು ಕಲಿ. ನಿನ್ನದಲ್ಲ, ಚಿಪ್ಪಿಂದು."

ಚಿಪ್ಪಿನ ಬಾಯನ್ನು ಬೆರಳಗಲಕ್ಕಿಂತ ಹೆಚ್ಚು ತೆರೆದರೆ ಸ್ನಾಯು ಹರಿದು ಒಳಗಿನ ಜೀವ ಸಾಯುತ್ತದೆ. ಅಭ್ಯಾಸಕ್ಕೆಂದು ಕೊಟ್ಟ ಸತ್ತ ಚಿಪ್ಪುಗಳನ್ನೇ ಜಾಕಿ ಇನ್ನೊಮ್ಮೆ ಕೊಂದ. ಕೊನೆಗೆ ಮರದ ಚೂರೊಂದನ್ನು ಅಳತೆಗೆ ಕೆತ್ತಿ, ಚಿಪ್ಪು ತೆರೆಯುವ ಇಕ್ಕಳದ ಹಿಡಿಗಳ ನಡುವೆ ಕಟ್ಟಿದ. ಎಷ್ಟು ಅಮುಕಿದರೂ ಬೆರಳಗಲ ದಾಟದು. ಅತ್ತಿಗೆ ಅದನ್ನು ತಿರುಗಿಸಿ ನೋಡಿದಳು. ಮರುದಿನ ತನ್ನ ಇಕ್ಕಳಕ್ಕೂ ಒಂದು ಕಟ್ಟಿಕೊಂಡಳು.

ಇಪ್ಪತ್ತಕ್ಕೂ ಮಣಿ ಕೂತಿತು. ಹದಿನೇಳನ್ನು ಬಲೆಚೀಲಕ್ಕೆ ಹಾಕಿ ಗೋಡೆ ಬದಿಯ ತೊಟ್ಟಿಯಲ್ಲಿ ಇಳಿಬಿಟ್ಟರು. ಜಾಗ ಸಾಲದೆ ಉಳಿದ ಮೂರು ಅತ್ತಿಗೆಯ ಮೇಜಿನ ಪಕ್ಕದ ತೊಟ್ಟಿಗೆ ಹೋದವು.

ಹತ್ತನೆಯ ದಿನ ಅತ್ತಿಗೆ ಗೋಡೆ ಬದಿಯ ಬಲೆಚೀಲ ಎತ್ತಿದಳು. ವಾಸನೆಯೇ ಫಲಿತಾಂಶ ಹೇಳಿತು.

"ಏನೋ ಮಾಡಿದೆ ಇವಕ್ಕೆ?"

"ಏನೂ ಇಲ್ಲ. ದಿನಾ ಬೆಳಗ್ಗೆ ಒಂದ್ಸಲ ತೆರೆದು ನೋಡ್ತಿದ್ದೆ. ಮಣಿ ಕೂತಿದೆಯೋ ಜಾರಿದೆಯೋ ಅಂತ."

"ದಿನಾ?"

"ಟ್ಯೂಬಿಗೆ ತೇಪೆ ಹಾಕಿದ್ಮೇಲೆ ನೀರಲ್ಲಿ ಅದ್ದಿ ನೋಡದೆ ಯಾರಾದ್ರೂ ಬಿಡ್ತಾರಾ ಅತ್ತಿಗೆ?"

ಅತ್ತಿಗೆ ಸ್ಟೂಲಿನ ಮೇಲೆ ಕುಸಿದಳು. "ಮಣಿ ಕೂರಿಸಿದ ಗಾಯ ಮಾಯೋಕೆ ಬಿಡಬೇಕಲ್ಲೋ ಮಹಾರಾಯ. ಹತ್ತು ದಿನ ಇಡೋದು ಮತ್ಯಾಕೆ?"

"ನೀವು ಹೇಳ್ಲಿಲ್ಲ."

"ಹೇಳ್ಬೇಕು ಅಂತ ಹೊಳೀಲೇ ಇಲ್ಲ. ಟೈರ್ ಅಂಗಡಿಯಿಂದ ಬಂದೋನು ನೀನೇ ಮೊದಲು." ಪಕ್ಕದ ತೊಟ್ಟಿಯತ್ತ ನೋಡಿದಳು. ಮೂರೂ ಬದುಕಿದ್ದವು. "ಇವನ್ನ ಯಾಕೆ ಮುಟ್ಟದೆ ಬಿಟ್ಟೆ?"

"ನೀವು ಅಲ್ಲೇ ಕೂತಿರ್ತಿದ್ರಲ್ಲ. ಹೆದರಿಕೆ."

ಅವಳು ಸತ್ತವನ್ನು ಒಂದೊಂದಾಗಿ ಬಿಡಿಸಿದಳು. ಮಣಿಗಳೆಲ್ಲ ಕೂರಿಸಿದಲ್ಲೇ ಇದ್ದವು. ಒಂದೂ ಕೂದಲೆಳೆಯಷ್ಟೂ ಜಾರಿರಲಿಲ್ಲ. ಅದನ್ನು ಅವನಿಗೂ ತೋರಿಸಿದಳು. ಆಮೇಲೆ ಬ್ರಷ್ಷನ್ನು ಕೈಗಿಟ್ಟಳು.

ಇಪ್ಪತ್ತರಲ್ಲಿ ಹೋದದ್ದು ಹದಿನೇಳು ಚಿಪ್ಪು. ಜೊತೆಗೆ ಮೇಜು ಒಂದು.