ರೆಶೋನ ಬೆಟ್ಟದ ಹೆಸರು

ಇರಾಕಿನ ಮಖ್ಮೂರ್ ನಿರಾಶ್ರಿತರ ಶಿಬಿರದ ಸಭೆ ಎಂದರೆ ಖೆಜಾಲಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕುರ್ದರಿಗೊಂದು ಸ್ವಂತ ದೇಶ ಬೇಕೆಂದು ಚಳವಳಿಯವರು ಕೂಗುತ್ತಿದ್ದ ಕಾಲದಲ್ಲಿ ಕೆಂಪು ಬಾವುಟಕ್ಕೆ ಸುತ್ತಿಗೆ, ಕುಡುಗೋಲು ಹೊಲಿದುಕೊಟ್ಟವಳು ಅವಳೇ. ಅದು ಬೇಡವೆಂದಾಗ ಕೂತು ಬಿಚ್ಚಿದವಳೂ ಅವಳೇ. ಆಮೇಲೆ ದೇಶವೇ ಬೇಡ, ಸರ್ಕಾರ ಅನ್ನುವುದೇ ಒಂದು ರೋಗ, ಜನರೇ ಕೂಡಿ ಆಡಳಿತ ನಡೆಸುವ ಕಮ್ಯೂನ್ ಓಣಿಗೊಂದು ಇದ್ದರೆ ಸಾಕು ಅಂದರು. ಈಗ ನೋಡಿದರೆ ಬಂದೂಕೂ ಬೇಡವಂತೆ. ರಾಶಿ ಹಾಕಿ ಸುಟ್ಟರಂತೆ.

ಓಣಿಯ ಜಂಟಿ ಅಧ್ಯಕ್ಷೆ ಬೆರ್ಚೆಮ್ ಅದನ್ನೇ ವಿವರಿಸುತ್ತಿದ್ದಳು. ಪ್ರತಿ ಹುದ್ದೆಗೂ ಒಬ್ಬ ಹೆಂಗಸು, ಒಬ್ಬ ಗಂಡಸು ಇರಬೇಕೆಂಬುದು ಚಳವಳಿಯ ನಿಯಮ. ಜೊತೆಗಿದ್ದ ಗಂಡಸು ತೂಕಡಿಸುತ್ತಿದ್ದ.

"ಇದು ಸೋಲಲ್ಲ ಖೆಜಾಲಮ್ಮ, ನಮ್ಮ ಮಾದರಿ ಬದಲಾಗಿದೆ..."

"ನಿನ್ನ ಮಾದರಿಗಿಷ್ಟು ಬೆಂಕಿ ಹಾಕ! ಏನು ಬೇಕಾದ್ರೂ ಬದಲಾಯಿಸ್ಕೊಳ್ಳಿ. ನನ್ನ ಮಗ ರೆಶೋ ಯಾವಾಗ ಬರ್ತಾನೆ, ಅದನ್ನ ಹೇಳು."

"ರೆಶೋ ಅಂದ್ರೆ ಯಾರಿಗೆ ಗೊತ್ತಾಗುತ್ತೆ? ಬೆಟ್ಟದ ಹೆಸರೇನು?"

ಹೋರಾಡಲು ಬೆಟ್ಟ ಹತ್ತಿದವರೆಲ್ಲ ಮನೆಯ ಹೆಸರು ಬಿಟ್ಟು ಬೇರೊಂದು ಇಟ್ಟುಕೊಳ್ಳುತ್ತಾರೆ. ಹೆತ್ತವಳು ಇಟ್ಟ ಹೆಸರಿಗೇನು ಹುಳ ಬಿದ್ದಿತ್ತೋ! ಖೆಜಾಲ್ ಮುಖ ಗಂಟಿಕ್ಕಿಕೊಂಡು, "ಬ್ರೂಸ್ಕ್ ಅಂತೆ" ಎಂದಳು.

ಬೆರ್ಚೆಮ್ ಕುಣಿದುಬಿಟ್ಟಳು. "ಅಯ್ಯೋ, ಸಂಗಾತಿ ಬ್ರೂಸ್ಕಾ? ಬಂದೂಕು ಸುಟ್ಟ ಗುಂಪಲ್ಲೇ ಇದ್ರಂತೆ! ಶುಕ್ರವಾರ ಇಲ್ಲಿಗೇ ಬರ್ತಿದಾರೆ!"

ಶುಕ್ರವಾರ ಖೆಜಾಲ್ ಬೆಳಿಗ್ಗೆಯೇ ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತಿ ಒಲೆಗಿಟ್ಟಳು. ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತವನಿಗೆ ಮೂವತ್ತೂ ದಾಟಿರಲಿಕ್ಕಿಲ್ಲ. ರೆಶೋನ ತಲೆ ಇಷ್ಟು ಹೊತ್ತಿಗೆ ನರೆತಿರಬೇಕಿತ್ತು.

"ಯಾರಪ್ಪ ನೀನು?"

"ಬ್ರೂಸ್ಕ್, ಅಮ್ಮಾ. ನೀವು ನೋಡ್ಬೇಕು ಅಂದ್ರಂತೆ."

"ಯಾವ ಬ್ರೂಸ್ಕು? ಬ್ರೂಸ್ಕ್ ನನ್ನ ಮಗ ಕಣೋ!"

ಅವನು ಹೊಸಲಿನ ಮೇಲೆ ಕೂತುಬಿಟ್ಟ. ಸತ್ತವರ ಹೆಸರನ್ನು ಹೊಸದಾಗಿ ಬಂದವರು ಇಟ್ಟುಕೊಳ್ಳುವುದು ಬೆಟ್ಟದ ರೂಢಿ.

"ನಾನು ಅವರನ್ನ ನೋಡಿಲ್ಲಮ್ಮ. ನಾನು ಬೆಟ್ಟಕ್ಕೆ ಹೋಗೋ ಮುಂಚೇನೇ ತೀರ್ಕೊಂಡಿದ್ರು. ಒಳ್ಳೇವನ ಹೆಸರು, ಅಳಿಸಿಹೋಗಬಾರ್ದು, ನೀನಿಟ್ಕೋ ಅಂದ್ರು. ನಿಮಗೆ ತಿಳಿಸಿರ್ತಾರೆ ಅಂದ್ಕೊಂಡಿದ್ದೆ."

"ಕಮ್ಯೂನ್ ಅಂದ್ರೇನು ಅಂತ ವರ್ಷಗಟ್ಟಲೆ ಕೊರೆಯೋಕೆ ಪುರುಸೊತ್ತಿತ್ತು! ಇದೊಂದು ಮಾತು ಹೇಳೋಕೆ ಆಗ್ಲಿಲ್ವೇನ್ರೋ ನಿಮಗೆ?"

ಖೆಜಾಲ್ ಎದೆ ಬಡಿದುಕೊಂಡು ಅತ್ತಳು. ಚಳವಳಿಗೆ ಶಾಪ ಹಾಕಿದಳು, ಬೆರ್ಚೆಮ್‌ಗೂ ಹಾಕಿದಳು. ಅವನು ತಲೆ ತಗ್ಗಿಸಿ ಹೊಸಲಿನ ಮೇಲೆ ಕೂತೇ ಇದ್ದ. ಒಲೆಯ ಮೇಲಿದ್ದದ್ದು ತಳ ಹತ್ತಿತು.

ಕೊನೆಗೆ ಮೂಗು ಒರೆಸಿಕೊಂಡು ಕೇಳಿದಳು: "ಬಂದೂಕು ಬಿಟ್ಯಲ್ಲ, ಹೆಸರು ಮಾತ್ರ ಯಾಕೆ ಹೊತ್ಕೊಂಡು ತಿರುಗ್ತೀಯ? ಅದು ನನ್ನ ಮಗನದು. ಇಲ್ಲೇ ಬಿಟ್ಟು ಹೋಗು."

"ಆಯ್ತಮ್ಮ."

"ನಿಮ್ಮನೇಲಿ ಏನಂತ ಕರೀತಿದ್ರು?"

ಅದು ಅವನ ಬಾಯಿಗೆ ತಟ್ಟನೆ ಬರಲಿಲ್ಲ. "ಶೆಮ್ದೀನ್."

"ಅಮ್ಮ ಇದಾಳಾ?"

"ಗೊತ್ತಿಲ್ಲ. ಬೆಟ್ಟಕ್ಕೆ ಹೋದ್ಮೇಲೆ ಮಾತಾಡಿಲ್ಲ."

ಅವನ ಕಪಾಳಕ್ಕೆ ಎರಡು ಬಾರಿಸಬೇಕೆನ್ನಿಸಿತು ಅವಳಿಗೆ. ತನ್ನ ಫೋನನ್ನು ಅವನ ಕೈಗೆ ತುರುಕಿದಳು.

"ನಿಮ್ಮೂರಿನವರು ಯಾರಿಗಾದ್ರೂ ಸರಿ, ಈಗ್ಲೇ ಫೋನ್ ಮಾಡು. ಶೆಮ್ದೀನ್ ಬದುಕಿದಾನೆ ಅಂತ ಹೇಳು. ಆಮೇಲೇನೇ ಊಟ."