ಕೇಳುವ ಮೊದಲೇ ಇಳಿದ ಕಡತ

ನಾಣಯ್ಯನ ಹೆಣಕ್ಕೆ ಹೊಸ ಬಿಳಿ ಬಟ್ಟೆ ಹೊದಿಸುತ್ತಿದ್ದಾಗಲೇ ಗುಮಾಸ್ತ ದೇರಪ್ಪ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದ. ಕೈಮುಗಿಯುವುದನ್ನೂ ಮರೆತು ನಾಣಯ್ಯನ ಹೆಂಡತಿ ಬೊಳ್ಳಮ್ಮನ ಮುಂದೆ ಕುಕ್ಕರಿಸಿದ.

“ಅಕ್ಕ, ಕೇಳಬಾರದ ಹೊತ್ತು. ಮೂರ್ನಾಡಿನ ಸಿದ್ದಿಯ ಕಡತ ಎಲ್ಲೂ ಸಿಗ್ತಿಲ್ಲ. ನಿನ್ನೆ ನಾಣಯ್ಯ ಏನಾದ್ರೂ ಹೇಳಿದ್ನಾ?”

“ಹೆಣದ ಮುಂದೆ ಎಂತ ಕಚೇರಿ ಮಾತು?” ಸತ್ತವನ ಅಣ್ಣ ಮೊಣ್ಣಪ್ಪ ಗದರಿದರು. “ಮೂರು ಗಂಟೆಗೆ ಎತ್ತೊಕು, ತಡ ಮಾಡೋ ಹಾಗಿಲ್ಲ.”

“ವಿಚಾರಣೆ ಮುಗಿಸಿದ ಸಾಹೇಬ್ರಿಗೆ ವರ್ಗ ಆಗಿದೆ ಮೊಣ್ಣಪ್ಪಣ್ಣ, ಸಂಜೆ ಚಾರ್ಜು ಕೊಡ್ತಾರೆ. ಅದಕ್ಕೆ ಮೊದಲು ಆದೇಶಕ್ಕೆ ಸಹಿ ಆಗ್ಬೇಕು. ಹೊಸಬರು ಬಂದ್ರೆ ವಿಚಾರಣೆ ಮತ್ತೆ ಮೊದಲಿಂದ. ಅಷ್ಟರೊಳಗೆ ಎಸ್ಟೇಟಿನವ್ರು ಇವಳ ಗುಡಿಸಲು ಕೀಳಿಸ್ತಾರೆ.”

ಸಿದ್ದಿ ಅಂಗಳದ ತುದಿಯಲ್ಲಿ ನಿಂತಿದ್ದಳು. ಗುಡಿಸಲಿನ ಜಾಗಕ್ಕಾಗಿ ಎರಡು ವರ್ಷ ಮಡಿಕೇರಿಗೆ ಅಲೆದವಳು. ಇವತ್ತು ಮಾತ್ರ ಕಡತದ ಮಾತೆತ್ತಿರಲಿಲ್ಲ. ನಾಣಯ್ಯನ ಮುಖ ನೋಡಲು ಬಂದಿದ್ದಳು, ಅಷ್ಟೆ.

*

ರೆಕಾರ್ಡ್ ರೂಮಿನ ಅಟೆಂಡರ್ ನಾಣಯ್ಯನಿಗೆ ಮಂಡಿನೋವಿತ್ತು. ಕೊಡಗು ಮೈಸೂರಿಗೆ ಸೇರಿದ ಮೇಲೆ ಕಡತ ಕೇಳುವವರು ಹೆಚ್ಚಿದ್ದರು, ಏಣಿ ಮಾತ್ರ ಹಳೆಯದೇ. ಹಾಗಾಗಿ ಒಂದು ಕೇಳಿದರೆ ಅದರ ಪಕ್ಕದ ನಾಲ್ಕನ್ನೂ ಇಳಿಸಿ ಬಾಗಿಲ ಬೆಂಚಿನ ಮೇಲಿಡುತ್ತಿದ್ದ. ಒಬ್ಬ ಬಂದ ಮೇಲೆ ಅವನ ಬೇಲಿಯಾಚೆಯವನು ಸುಮ್ಮನಿರುತ್ತಾನೆಯೇ? ಸಂಪಾಜೆ ಬಸ್ಸು ಬರುವ ಮೊದಲೇ ಸಂಪಾಜೆಯ ಕಟ್ಟು ತಯಾರು. ಯಾರೂ ಕೇಳದವು ಸಂಜೆ ಮೇಲಕ್ಕೆ. ಅಂದಾಜು ತಪ್ಪಿದ ದಿನ ಐದನ್ನೂ ಗೊಣಗುತ್ತ ಹತ್ತಿಸುತ್ತಿದ್ದ.

“ಇದು ಕಚೇರಿಯಾ, ಸಂತೆಯಾ? ಎಲ್ಲ ಎತ್ತು!” ಎಂದು ದೇರಪ್ಪ ಎಲ್ಲರೆದುರು ರೇಗಿದ್ದ. ಮರುದಿನ ಬೆಂಚು ಖಾಲಿ. ಆದರೂ ಕಡತಗಳು ಮೊದಲಿನಂತೆಯೇ ಥಟ್ಟನೆ ಕೈಗೆ ಬರುತ್ತಿದ್ದವು. ಎಲ್ಲಿಂದ ಎಂದು ದೇರಪ್ಪ ಒಮ್ಮೆಯೂ ತಲೆಯೆತ್ತಿ ನೋಡಿದವನಲ್ಲ.

*

ಬೊಳ್ಳಮ್ಮ ಕಣ್ಣೊರೆಸಿಕೊಂಡಳು. “ನಿಮ್ಮ ಮೇಜಿನ ಕೆಳಗಿನ ಖಾನೆ ನೋಡಿದ್ರಾ?”

“ಅದನ್ನ ನಾನು ತೆಗೆಯೋದೇ ಇಲ್ಲ.”

“ಅದಕ್ಕೇ ಅಲ್ಲಿಡ್ತಿದ್ರು. ನೀವು ಬೈದ ಮೇಲೆ, ನಾಳೆ ಬೇಕಾದ್ದೆಲ್ಲ ಅಲ್ಲೇ. ಮನೆಗೆ ಬಂದು ನಗಾಡ್ತಿದ್ರು.”

ದೇರಪ್ಪ ನಾಚಿಕೆಯಿಂದ ತಲೆ ತಗ್ಗಿಸಿ ಎದ್ದ. ಸಿದ್ದಿಯನ್ನು ಕರೆದುಕೊಂಡು ಏರಿನ ಮೇಲಿನ ಕಚೇರಿಗೆ ಓಡಿದ.

ಮೂರು ಹೊಡೆಯಿತು. ಹೆಗಲು ಕೊಡುವವರು ಎದ್ದು ನಿಂತರು.

“ಬಾವ, ಸ್ವಲ್ಪ ನಿಲ್ಲಿ,” ಎಂದಳು ಬೊಳ್ಳಮ್ಮ. “ಸಿದ್ದಿ ಬರಲಿ. ಕೆಲಸ ಬಾಕಿ ಇಟ್ಟು ಮನೆಗೆ ಬಂದವರಲ್ಲ ಇವರು.”

ನಾಲ್ಕಾಗುವಾಗ ಇಬ್ಬರೂ ಏದುಸಿರು ಬಿಡುತ್ತ ಬಂದರು. ದೇರಪ್ಪ ಗೇಟಿನಲ್ಲೇ ನಿಂತು ಅಳತೊಡಗಿದ. ಸಿದ್ದಿ ಮಡಿಸಿದ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಣಯ್ಯನ ಪಾದಗಳನ್ನು ಬಟ್ಟೆಯ ಮೇಲಿಂದಲೇ ಗಟ್ಟಿಯಾಗಿ ಹಿಡಿದಳು.

ಕೈ ತೆಗೆದಾಗ ಬಿಳಿ ಬಟ್ಟೆಯ ಮೇಲೆ ನೀಲಿ ಹೆಬ್ಬೆಟ್ಟಿನ ಗುರುತು ಉಳಿದಿತ್ತು. ಜಾಗ ಅವಳದೆಂಬ ಆದೇಶದ ಪ್ರತಿ ಪಡೆದದ್ದಕ್ಕೆ ಒತ್ತಿದ ಶಾಯಿ ಇನ್ನೂ ಆರಿರಲಿಲ್ಲ.

ಮೊಣ್ಣಪ್ಪ ಬೇರೆ ಬಟ್ಟೆ ತಂದರು. ಬೊಳ್ಳಮ್ಮ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಮಡಿಚಿ, ತನ್ನ ಮಡಿಲಲ್ಲಿಟ್ಟುಕೊಂಡಳು. ನಾಲ್ವರು ಎತ್ತಿದರು. ನೀಲಿ ಗುರುತು ಹೆಗಲುಗಳ ಮೇಲೆ ಅಲುಗಾಡುತ್ತ ಗೇಟು ದಾಟಿತು.